ಕಂಡು ಕೇಳುವ ಸುಖ

ಮನುಷ್ಯನು ಪ್ರೀತಿಸುವವರಲ್ಲಿ ಬಹುಮಂದಿ ಅವನಿಗೆ ಪರಿಚಿತರು. ತಂದೆತಾಯಿಗಳು, ಮಡದಿಮಕ್ಕಳು, ನೆಂಟರಿಷ್ಟರು, ಜೊತೆಯಲ್ಲಿ ಓದಿದವರು, ನೆರೆಹೊರೆಯವರು, ಇವರೊಡನೆ ಕೊಡುವ ಕೊಳ್ಳುವ ಬಳಕೆಯುಂಟು; ಇಂದು ಮುನಿದರೆ ನಾಳೆ ಒಲಿಸಿಕೊಳ್ಳುವ ದಾರಿಯೂ ಉಂಟು. ಸಂಗೀತರಸಿಕನು ತನ್ನ ಮೆಚ್ಚಿನ ಗಾಯಕನಲ್ಲಿ ಇರಿಸಿಕೊಂಡಿರುವ ಪ್ರೀತಿಯ ಬಗೆ ಬೇರೆ. ಆ ಗಾಯಕನಿಗೆ ಇವನ ಹೆಸರು ತಿಳಿಯದು, ಊರು ತಿಳಿಯದು. ಸಭೆಯ ಕೊನೆಯ ಸಾಲಿನಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದವನು ಇವನೇ ಎಂದು ಯಾರಾದರೂ ತೋರಿಸಿಕೊಟ್ಟರೂ ಗುರುತು ಹತ್ತದು. ಇವನಿಗಾದರೋ ಆತನ ಕಂಠದ ಒಂದೊಂದು ತಿರುವೂ ಗೊತ್ತು. ಯಾವ ಕೃತಿಯ ಯಾವ ಸಂಗತಿಯಲ್ಲಿ ಆತನು ಕಣ್ಣು ಮುಚ್ಚುವನು, ಎಲ್ಲಿ ಬಲಗೈಯನ್ನು ಮೇಲೆತ್ತುವನು, ಎಲ್ಲಿ ಒಂದು ಕ್ಷಣ ತಡೆದು ನಿಂತು ಸಭೆಯ ಕಡೆ ನೋಡುವನು, ಇದೆಲ್ಲವೂ ಮನೆಯ ಹಿರಿಯರ ಚರ್ಯೆಯಂತೆ ಇವನಿಗೆ ಬಾಯಿಪಾಠ. ಪ್ರತಿಫಲದ ಎಣಿಕೆಯೇ ಇಲ್ಲದೆ ನಡೆಯುವ ಪ್ರೀತಿಗಳನ್ನು ಲೆಕ್ಕ ಹಾಕುವುದಾದರೆ ಇದನ್ನು ಮೊದಲ ಸಾಲಿನಲ್ಲಿಯೇ ಬರೆಯಬೇಕು.

ಇಂಥ ರಸಿಕನಿಗೆ ಪಕ್ಕದ ಪಟ್ಟಣದಲ್ಲಿ ತನ್ನ ಮೆಚ್ಚಿನವರ ಕಚೇರಿಯಿದೆಯೆಂಬ ಸುದ್ದಿ ಬಂದಿತೆಂದರೆ ಅಂದಿನಿಂದಲೇ ಮನೆಯ ನಡೆ ಬದಲಾಗುತ್ತದೆ. ಸ್ನಾನ, ಊಟ, ಪೂಜೆ ಎಲ್ಲಕ್ಕೂ ಒಂದು ಅವಸರ ಕಾಣುತ್ತದೆ. ಒಗೆದಿಟ್ಟ ಪಂಚೆ ಪೆಟ್ಟಿಗೆಯಿಂದ ಹೊರಬರುತ್ತದೆ. ಸಂಜೆಯ ಬಸ್ಸಿನ ವೇಳೆಯನ್ನು ಮೂರು ಸಲ ವಿಚಾರಿಸಿದ್ದಾಗುತ್ತದೆ. ಇದನ್ನೆಲ್ಲ ನೋಡುತ್ತಿದ್ದ ಮನೆಯಾಕೆ ಒಂದು ಮಾತು ಕೇಳಿಯೇ ಕೇಳುತ್ತಾಳೆ: “ಅವರ ಹಾಡು ಮನೆಯಲ್ಲಿಯೇ ಬೇಕಾದಷ್ಟಿದೆಯಲ್ಲ! ಬೆಳಗ್ಗೆ ತಾನೇ ಕೇಳುತ್ತಿದ್ದಿರಿ. ಅದಕ್ಕಾಗಿ ಅಷ್ಟು ದೂರ ಹೋಗಿ, ರಾತ್ರಿಯೆಲ್ಲ ನಿದ್ದೆಗೆಟ್ಟು, ಮೊಣಕಾಲು ನೋವು ತಂದುಕೊಳ್ಳಬೇಕೆ?” ರಸಿಕನು ಉತ್ತರ ಕೊಡದೆ ನಕ್ಕು ಹೊರಡುತ್ತಾನೆ. ಆದರೆ ಪ್ರಶ್ನೆ ನ್ಯಾಯವಾದದ್ದು, ನಗೆಯಿಂದ ತೀರತಕ್ಕದ್ದಲ್ಲ. ಸಾವಿರಾರು ಗಂಟೆಗಳ ಗಾಯನವು ಅಂಗೈಯಗಲದ ಮೊಬೈಲ್ ಫೋನಿನಲ್ಲಿ ಅಡಗಿರುವ ಈ ಕಾಲದಲ್ಲಿ, ಒಂದು ಸಂಜೆಯ ಮೂರು ಗಂಟೆಗಳಿಗಾಗಿ ಮನುಷ್ಯನು ಮನೆಬಿಟ್ಟು ಏಕೆ ಹೋಗಬೇಕು? ಕೇಳಿದ ಗಾನಕ್ಕೂ ಕಂಡು ಕೇಳಿದ ಗಾನಕ್ಕೂ ಅಂತರವಾದರೂ ಏನು?

ಮೊದಲು ಯಂತ್ರದ ಉಪಕಾರವನ್ನು ಹೇಳಿಬಿಡುವುದು ಧರ್ಮ. ಗ್ರಾಮಫೋನ್ ಕಂಪೆನಿಯವರು 1902ರಲ್ಲಿ ಕಲ್ಕತ್ತೆಗೆ ಬಂದು ಭಾರತದ ಗಾಯಕರ ಕಂಠವನ್ನು ಮುದ್ರಿಸತೊಡಗಿದರು. ಹಾಗೆ ಮೊಟ್ಟಮೊದಲು ತಟ್ಟೆಯನ್ನೇರಿದ ಕಂಠಗಳಲ್ಲಿ ಗೌಹರ್ ಜಾನ್ ಅವರದು ಒಂದು. ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿ ಮುಗಿಸುವುದು ಆಕೆಯ ಪದ್ಧತಿಯಾಗಿತ್ತು. ಅಷ್ಟು ಪ್ರಸಿದ್ಧರಾಗಿದ್ದ ಆಕೆ ಕೊನೆಗಾಲದಲ್ಲಿ, 1928ರಲ್ಲಿ, ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಆ ಊರಿನಲ್ಲಿಯೇ ಕಣ್ಮುಚ್ಚಿದರು. ಕಂಠವು ದೇಶವೆಲ್ಲ ಸಂಚರಿಸುತ್ತಿರುವಾಗ ದೇಹವು ಮೈಸೂರಿನಲ್ಲಿ ವಿಶ್ರಮಿಸಿತು. ಧ್ವನಿಯನ್ನು ಧ್ವನಿಯ ಒಡೆಯರಿಂದ ಬೇರ್ಪಡಿಸುವ ಈ ಹೊಸ ವಿದ್ಯೆಯ ಮಹಿಮೆಯೂ ಮಿತಿಯೂ ಆ ಒಂದು ಜೀವನದಲ್ಲಿಯೇ ಕಾಣಿಸುತ್ತವೆ.

ಆ ಕಾಲದ ಒಂದು ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಗಾನ. ರಾತ್ರಿಯೆಲ್ಲ ಬೆಳಗುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದೆಂದರೆ ಸಮುದ್ರವನ್ನು ಉದ್ಧರಣೆಯಲ್ಲಿ ತುಂಬಿಕೊಟ್ಟಂತೆ. ಆದರೂ ಆ ಉದ್ಧರಣೆಯ ನೀರೇ ಎಷ್ಟೋ ಮಂದಿಗೆ ತೀರ್ಥವಾಯಿತು. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರು ಬಾಲ್ಯದಲ್ಲಿ ಗ್ರಾಮಫೋನಿನ ಹಾಡು ಕಿವಿಗೆ ಬಿದ್ದೊಡನೆ ಮನೆಯಿಂದ ಬೀದಿಗೆ ಓಡುತ್ತಿದ್ದುದನ್ನು ಮುಂದೆ ನೆನೆದು ಹೇಳುತ್ತಿದ್ದರು. ಗದಗಿನ ಇನ್ನೊಬ್ಬ ಹುಡುಗನ ಕಥೆ ಇದಕ್ಕಿಂತಲೂ ವಿಸ್ಮಯಕರವಾದದ್ದು. ಪ್ರಸ್ತುತ ವಿಷಯಕ್ಕೆ ಅದೇ ಮುಖ್ಯ ದೃಷ್ಟಾಂತ.

ಭೀಮಸೇನ ಜೋಶಿಯವರು ಹುಟ್ಟಿದ್ದು 1922ರಲ್ಲಿ. ತಂದೆ ಗುರುರಾಜ ಜೋಶಿಯವರು ಉಪಾಧ್ಯಾಯರು. ಬೀದಿಯಲ್ಲಿ ಭಜನೆಯವರು ಬಂದರೆ ಭಜನೆಯ ಹಿಂದೆ, ಮೆರವಣಿಗೆಯ ವಾದ್ಯ ಬಂದರೆ ವಾದ್ಯದ ಹಿಂದೆ ಈ ಬಾಲಕನು ಹೊರಟುಬಿಡುತ್ತಿದ್ದನಂತೆ. ದಣಿದಾಗ ಎಲ್ಲಿದ್ದರೆ ಅಲ್ಲಿಯೇ ಮಲಗಿ ನಿದ್ರಿಸುತ್ತಿದ್ದನಂತೆ. ಹುಡುಕಿ ಹುಡುಕಿ ಬೇಸತ್ತ ತಂದೆ ಮಗನ ಅಂಗಿಯ ಮೇಲೆಯೇ ಇವನು ಜೋಶಿ ಮಾಸ್ತರರ ಮಗನೆಂದು ಬರೆದಿಟ್ಟರೆಂದೂ, ಕಂಡವರು ಅದನ್ನು ಓದಿ ಹುಡುಗನನ್ನು ಮನೆಗೆ ತಂದೊಪ್ಪಿಸುತ್ತಿದ್ದರೆಂದೂ ಹೇಳುತ್ತಾರೆ. ಈ ಬಾಲಕನು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನ್ ಸಾಹೇಬರ ತಟ್ಟೆಯನ್ನು ಕೇಳಿದನು. ಒಂದು ಮುಖದಲ್ಲಿ ವಸಂತರಾಗ, ಮತ್ತೊಂದರಲ್ಲಿ ಝಿಂಝೋಟಿಯ ಠುಮ್ರಿ. ಕೇಳಿದ ಮೇಲೆ ಅವನಿಗೆ ಮನೆ ನಿಲ್ಲಲಿಲ್ಲ. 1933ರಲ್ಲಿ, ಹನ್ನೊಂದು ವರ್ಷದ ಎಳವೆಯಲ್ಲಿ, ಇಂಥ ಗಾನವನ್ನು ಕಲಿಸುವ ಗುರು ಎಲ್ಲಿದ್ದಾನೆಂದು ಹುಡುಕುತ್ತ ಹೊರಟುಹೋದನು. ಕೈಯಲ್ಲಿ ಕಾಸಿಲ್ಲ, ರೈಲಿನಲ್ಲಿ ಚೀಟಿಯಿಲ್ಲದೆ ಪ್ರಯಾಣ, ಪ್ರಯಾಣಿಕರಿಗೆ ಹಾಡಿ ತೋರಿಸಿ ಅನ್ನ. ಗ್ವಾಲಿಯರ್ ಆಯಿತು, ಕಲ್ಕತ್ತೆಯಾಯಿತು, ಪಂಜಾಬದ ಜಲಂಧರದವರೆಗೂ ಹೋದದ್ದಾಯಿತು. ಅಲ್ಲಿಗೆ ಬಂದಿದ್ದ ವಿನಾಯಕರಾವ್ ಪಟವರ್ಧನರು, ನಿನ್ನ ಊರ ಮಗ್ಗುಲಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಲ್ಲಿಗೇಕೆ ಬಂದೆ, ಎಂದು ತಿಳಿಯಹೇಳಿದರು. ಕುಂದಗೋಳದ ರಾಮಭಾವೂ ಅವರೇ ಸವಾಯಿ ಗಂಧರ್ವರು. ಖಾನ್ ಸಾಹೇಬರ ಸಾಕ್ಷಾತ್ ಶಿಷ್ಯರು. ಗದಗಿಗೂ ಕುಂದಗೋಳಕ್ಕೂ ನಡುವೆ ಒಂದು ಹಗಲಿನ ದಾರಿಯೂ ಇಲ್ಲ. 1936ರಲ್ಲಿ ಹುಡುಗನು ಆ ಗುರುವಿನ ಮನೆಯನ್ನು ಸೇರಿದನು. ಬಹುಕಾಲ ನೀರು ಹೊತ್ತು ಮನೆಗೆಲಸ ಮಾಡಿದ ಮೇಲೆ ಪಾಠ ಆರಂಭವಾಯಿತು.

ಈ ಕಥೆಯನ್ನು ಸಂಗೀತಗಾರರು ಗುರುಭಕ್ತಿಗೆ ನಿದರ್ಶನವಾಗಿ ಹೇಳುವುದುಂಟು. ಅದು ಸರಿಯೇ. ಆದರೆ ಇದರಲ್ಲಿ ಇನ್ನೊಂದು ಅರ್ಥವೂ ಇದೆ. ಯಂತ್ರದಿಂದ ಗಾನವು ದೊರೆತಮೇಲೆ ಹುಡುಗನು ತೃಪ್ತನಾಗಿ ಅಂಗಡಿಯ ಮುಂದೆಯೇ ಕೂರಬಹುದಾಗಿತ್ತು. ನಾಳೆಯೂ ಅಂಗಡಿಯವನು ಅದೇ ತಟ್ಟೆಯನ್ನು ಹಾಕುತ್ತಿದ್ದನು. ಅವನು ಹಾಗೆ ಮಾಡಲಿಲ್ಲ. ತಟ್ಟೆಯ ಗಾನ ಅವನಲ್ಲಿ ತೃಪ್ತಿಯನ್ನುಂಟುಮಾಡದೆ ಹಸಿವನ್ನುಂಟುಮಾಡಿತು. ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆ ಎಲ್ಲಿಯೋ ಮರೆಯಲ್ಲಿ ಕುಳಿತು ಹಾಡುತ್ತಾಳೆ. ಅದನ್ನು ಕೇಳಿದ ದುಷ್ಯಂತನಿಗೆ, ಎಲ್ಲ ಸುಖಗಳ ನಡುವೆ ಕುಳಿತಿದ್ದರೂ, ಯಾವುದೋ ಒಲವಿನ ವಸ್ತುವಿನಿಂದ ಅಗಲಿದವನಂತೆ ಮನಸ್ಸು ಕಳವಳಗೊಳ್ಳುತ್ತದೆ. ಕಾಣದ ಕಡೆಯಿಂದ ಬಂದ ಗಾನದ ಸ್ವಭಾವವೇ ಇದು. ಅದು ಮನಸ್ಸನ್ನು ಎಬ್ಬಿಸುತ್ತದೆ, ಒಂದು ಕಡೆಗೆ ಕೈತೋರಿಸುತ್ತದೆ. ಎದ್ದು ಆ ಕಡೆಗೆ ಹೋಗುವುದು ಕೇಳಿದವನ ಪಾಲಿನ ಕೆಲಸ. ಮನೆಯಲ್ಲಿ ಬೆಳಗ್ಗೆ ಕೇಳಿದ ಹಾಡಿಗಾಗಿಯೇ ಸಂಜೆ ಬಸ್ಸು ಹತ್ತುವ ರಸಿಕನು, ಅಲ್ಪಪ್ರಮಾಣದಲ್ಲಿ, ಗದಗಿನ ಹುಡುಗನು ತುಳಿದ ದಾರಿಯನ್ನೇ ತುಳಿಯುತ್ತಿದ್ದಾನೆ.

ಹೋದಮೇಲೆ ದೊರೆಯುವುದೇನು? ಅದು ಮೊದಲ ಹಾಡಿಗಿಂತ ಮುಂಚೆಯೇ ಆರಂಭವಾಗುತ್ತದೆ. ತಂಬೂರಿಯ ಬಿರಡೆಯನ್ನು ತಿರುಗಿಸಿ, ತಂತಿಯ ಕೆಳಗೆ ಜೀವಾಳದ ಎಳೆಯನ್ನು ಕೂದಲೆಳೆಯಷ್ಟು ಸರಿಸಿ, ನಾದವು ಬಿಚ್ಚಿಕೊಳ್ಳುವ ಸ್ಥಾನವನ್ನು ಹುಡುಕುತ್ತಾರೆ. ಪಕ್ಕದಲ್ಲಿ ಮೃದಂಗದವರು ನೀರಿನಲ್ಲಿ ಕಲಸಿದ ರವೆಯನ್ನು ಎಡಮುಖಕ್ಕೆ ಮೆತ್ತಿ, ಬಲಮುಖದ ಅಂಚನ್ನು ಕಲ್ಲಿನಿಂದ ಮೆಲ್ಲಗೆ ಬಡಿದು ಶ್ರುತಿ ಕೂಡಿಸುತ್ತಾರೆ. ಪಿಟೀಲಿನವರು ಕಿವಿಯನ್ನು ವಾದ್ಯಕ್ಕೆ ಹಚ್ಚಿ ಕಣ್ಣು ಮುಚ್ಚಿರುತ್ತಾರೆ. ಅರಿಯದವರಿಗೆ ಇದು ಕಾಲಹರಣ. ಅರಿತವನಿಗೆ ಇದು ಗರ್ಭಗುಡಿಯ ಬಾಗಿಲು ತೆರೆಯುವ ಮುಂಚಿನ ಸದ್ದು. ಆಮೇಲೆ ಗಾಯಕನು ಷಡ್ಜವನ್ನು ಹಿಡಿಯುತ್ತಾನೆ. ಆ ಒಂದು ಸ್ವರದಿಂದಲೇ ಹಳೆಯ ರಸಿಕನಿಗೆ ಅಂದಿನ ರಾತ್ರಿಯ ಭವಿಷ್ಯ ಬಹುಮಟ್ಟಿಗೆ ತಿಳಿದುಹೋಗುತ್ತದೆ; ಕಂಠ ಇಂದು ಬಿಚ್ಚಿದೆಯೋ ಕಟ್ಟಿದೆಯೋ, ಮನಸ್ಸು ಇಲ್ಲಿದೆಯೋ ಬೇರೆಲ್ಲಿಯೋ ಇದೆಯೋ ಎಂದು.

ಮುದ್ರಣದಲ್ಲಿ ಗಾನವು ಆಗಿಹೋದ ವಸ್ತು. ಸಭೆಯಲ್ಲಿ ಅದು ಆಗುತ್ತಿರುವ ವಸ್ತು. ಭಾರತದ ಸಂಗೀತವು, ದಕ್ಷಿಣದ್ದಾಗಲಿ ಉತ್ತರದ್ದಾಗಲಿ, ಬರೆದಿಟ್ಟದ್ದನ್ನು ಒಪ್ಪಿಸುವ ವಿದ್ಯೆಯಲ್ಲ. ಕೃತಿಗೆ ಗೊತ್ತಾದ ಚೌಕಟ್ಟಿರಬಹುದು. ಆದರೆ ಆಲಾಪನೆ, ನೆರವಲು, ಸ್ವರಕಲ್ಪನೆ ಎಂಬ ಭಾಗಗಳು ಆ ಕ್ಷಣದಲ್ಲಿಯೇ ಹುಟ್ಟತಕ್ಕವು. ಗಾಯಕನು ತೋಡಿಯನ್ನು ಸಾವಿರ ಸಲ ಹಾಡಿರಬಹುದು. ಸಾವಿರದ ಒಂದನೆಯ ಸಲ ಅದು ಯಾವ ದಾರಿಯಲ್ಲಿ ಹೋಗುವುದೆಂಬುದು ಅವನಿಗೂ ಪೂರ್ತಿ ತಿಳಿದಿರುವುದಿಲ್ಲ. ಅವನು ಒಂದು ಸಂಚಾರವನ್ನು ಎತ್ತಿಕೊಂಡು ಮೇಲಕ್ಕೇರುತ್ತಾನೆ. ತಾರಸ್ಥಾಯಿಯ ಬಾಗಿಲಲ್ಲಿ ನಿಲ್ಲುತ್ತಾನೆ. ಒಳಗೆ ಹೋಗುವನೋ ಹಿಂದಿರುಗುವನೋ ಎಂದು ಸಭೆಯೆಲ್ಲ ಉಸಿರು ಹಿಡಿದು ಕಾಯುತ್ತದೆ. ಆ ಕಾಯುವಿಕೆಯಲ್ಲಿ ಒಂದು ಅಪಾಯವಿದೆ. ಸ್ವರವು ಜಾರಬಹುದು, ತಾಳವು ತಪ್ಪಬಹುದು, ಎತ್ತಿಕೊಂಡ ಕಲ್ಪನೆ ಮುಗಿಯದೆ ಮುರಿಯಬಹುದು. ಮುರಿಯಲಿದ್ದದ್ದು ಮುರಿಯದೆ, ಮೃದಂಗದವರ ಒಂದು ಸನ್ನೆಯಿಂದಲೋ ಪಿಟೀಲಿನವರ ಒಂದು ಎಳೆಯಿಂದಲೋ ನೆಟ್ಟಗಾಗಿ, ಸಮಕ್ಕೆ ಸರಿಯಾಗಿ ಬಂದು ಕೂರುವ ಗಳಿಗೆಯ ಸುಖವನ್ನು ಮನೆಯಲ್ಲಿ ಕುಳಿತು ಕೇಳುವವನು ಅನುಭವಿಸಲಾರನು. ಏಕೆಂದರೆ ಮುದ್ರಿತವಾದ ಗಾನ ಕ್ಷೇಮವಾಗಿ ಮುಗಿದಿದೆಯೆಂಬುದು ಅವನಿಗೆ ಮೊದಲೇ ಗೊತ್ತು.

ಇನ್ನೊಂದು ವಿಷಯವೆಂದರೆ, ಸಭೆಯಲ್ಲಿ ಕುಳಿತವನು ಬರಿಯ ಗ್ರಾಹಕನಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಹೇಳುವ ಅಧ್ಯಾಯವೊಂದನ್ನು ಬರೆದಿದ್ದಾನೆ. ಪ್ರಯೋಗವು ಗೆದ್ದಿತೆಂಬುದನ್ನು ತಿಳಿಯುವ ಗುರುತುಗಳಾಗಿ ಅಲ್ಲಿ ಹೇಳಿರುವುವೆಲ್ಲ ಪ್ರೇಕ್ಷಕರ ಮೈಮಾತುಗಳಲ್ಲಿ ತೋರುವಂಥವು: ಮುಗುಳ್ನಗೆ, ನಗೆ, ಸಾಧು ಎಂಬ ಉದ್ಗಾರ, ಅಹೋ ಎಂಬ ಬೆರಗು, ರೋಮಾಂಚ, ಇದ್ದಕ್ಕಿದ್ದಂತೆ ಎದ್ದು ನಿಲ್ಲುವುದು, ಮೈಮೇಲಿನ ವಸ್ತ್ರವನ್ನೇ ಎಸೆದುಕೊಡುವುದು. ಪ್ರೇಕ್ಷಕನ ಲಕ್ಷಣವನ್ನು ಹೇಳುವಾಗಲೂ ಆ ಮುನಿಯು ಪಾಂಡಿತ್ಯದಲ್ಲಿಯೇ ನಿಲ್ಲುವುದಿಲ್ಲ. ಸಂತೋಷದ ಸ್ಥಾನದಲ್ಲಿ ಸಂತೋಷಪಡುವವನು, ಶೋಕದ ಸ್ಥಾನದಲ್ಲಿ ಶೋಕಿಸುವವನು ನಿಜವಾದ ಪ್ರೇಕ್ಷಕನೆನ್ನುತ್ತಾನೆ. ಎಲ್ಲ ಗುಣಗಳೂ ಒಬ್ಬನಲ್ಲಿಯೇ ಇರಲಾರವೆಂದು ಸಮಾಧಾನವನ್ನೂ ಹೇಳುತ್ತಾನೆ. ಗಾಯಕನು ಕೊಡುತ್ತಾನೆ, ಸಭೆಯು ಕೊಳ್ಳುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಇದರಿಂದ ಅರ್ಧ ಮಾತ್ರ ಸರಿಯೆಂದಾಗುತ್ತದೆ. ಮೊದಲ ಸಾಲಿನ ಮುದುಕರೊಬ್ಬರು ಸರಿಯಾದ ಸ್ಥಾನದಲ್ಲಿ ತಲೆದೂಗಿ ‘ಭಲೇ’ ಎಂದರೆ ಗಾಯಕನು ಆ ಸಂಚಾರವನ್ನೇ ಮತ್ತೊಂದು ಬಗೆಯಲ್ಲಿ ಬೆಳೆಸುತ್ತಾನೆ. ಸಭೆ ಆಕಳಿಸಿದರೆ ರಾಗವೂ ಆಕಳಿಸುತ್ತದೆ. ಅಂದಿನ ಗಾನದಲ್ಲಿ ಕೇಳುವವನ ಪಾಲೂ ಒಂದು ಬೆಸುಗೆಯಾಗಿ ಸೇರಿರುತ್ತದೆ. ಯಂತ್ರಕ್ಕೆ ಎಷ್ಟು ‘ಭಲೇ’ ಹೇಳಿದರೂ ಅದು ಒಂದು ಗಮಕವನ್ನು ಹೆಚ್ಚಾಗಿ ಕೊಡಲಾರದು.

ರಸಿಕನು ಗಾಯಕನಿಗಾಗಿ ಹಂಬಲಿಸುವಂತೆಯೇ ಕಲಾವಿದನೂ ರಸಿಕನಿಗಾಗಿ ಹಂಬಲಿಸುತ್ತಾನೆ. ತಿರುಮಕೂಡಲು ಚೌಡಯ್ಯನವರ ಏಳು ತಂತಿಯ ಪಿಟೀಲು ಇದಕ್ಕೆ ಸಾಕ್ಷಿ. ಚೌಡಯ್ಯನವರು 1910ರಿಂದ ಬಿಡಾರಂ ಕೃಷ್ಣಪ್ಪನವರಲ್ಲಿ ಕಠಿನವಾದ ಶಿಷ್ಯವೃತ್ತಿಯನ್ನು ಮಾಡಿದವರು. ಆಗ ಧ್ವನಿವರ್ಧಕದ ಬಳಕೆ ಇರಲಿಲ್ಲ. ಸಭೆಗಳು ದೊಡ್ಡವಾಗುತ್ತಿದ್ದುವು, ತುಂಬುಕಂಠದ ಗಾಯಕರ ಪಕ್ಕದಲ್ಲಿ ನಾಲ್ಕು ತಂತಿಯ ಪಿಟೀಲಿನ ದನಿ ಹಿಂದಿನ ಸಾಲುಗಳನ್ನು ಮುಟ್ಟುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿ ಕುಳಿತವನೂ ಕೇಳಬೇಕು ಎಂಬ ಒಂದು ಕಾಳಜಿಯಿಂದ ಚೌಡಯ್ಯನವರು 1927ರ ಸುಮಾರಿನಲ್ಲಿ ಇನ್ನೂ ಮೂರು ತಂತಿಗಳನ್ನು ಕೂಡಿಸಿ ವಾದ್ಯದ ನಾದವನ್ನು ಹೆಚ್ಚಿಸಿಕೊಂಡರು. ಆ ತಂತಿಗಳನ್ನು ಪಳಗಿಸುವುದಕ್ಕೆ ಬೆರಳುಗಳು ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ಮುಂದೆ ಚೆಂಬೈ ವೈದ್ಯನಾಥ ಭಾಗವತರ ಕಂಚಿನ ಕಂಠವೂ ಚೌಡಯ್ಯನವರ ಪಿಟೀಲೂ ಒಂದೇ ವೇದಿಕೆಯಲ್ಲಿ ಕೂಡಿದಾಗ ಸಭೆಗಳು ಕಿಕ್ಕಿರಿಯುತ್ತಿದ್ದುವು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯು ಅವರಿಗೆ ಸಂಗೀತ ಕಲಾನಿಧಿ ಪದವಿಯನ್ನಿತ್ತು ಗೌರವಿಸಿತು. 1967ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ನೆನಪಿಗಾಗಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿ 1980ರಲ್ಲಿ ತೆರೆದ ಭವನವನ್ನು ನೋಡಿದವರು, ಕಾಣದ ಕೊನೆಯ ಸಾಲಿನ ಒಬ್ಬನಿಗಾಗಿ ಬೆರಳು ನೋಯಿಸಿಕೊಂಡವರ ಸ್ಮಾರಕ ಅದು ಎಂದು ನೆನೆಯಬೇಕು.

ಕನ್ನಡದಲ್ಲಿ ಕಲಾವಿದರ ನೆನಪುಗಳನ್ನು ಹೇಳುವ ಹೊತ್ತಗೆಗಳಲ್ಲಿ ಮೈಸೂರು ವಾಸುದೇವಾಚಾರ್ಯರು ಬರೆದ ‘ನಾ ಕಂಡ ಕಲಾವಿದರು’ ಪ್ರಸಿದ್ಧವಾದದ್ದು. 1865ರಿಂದ 1961ರವರೆಗೆ ಬಾಳಿದ ಆಚಾರ್ಯರು ಸ್ವತಃ ದೊಡ್ಡ ವಾಗ್ಗೇಯಕಾರರು. ನಾದವೇ ಜೀವನವಾಗಿದ್ದ ಅಂಥವರು ಗ್ರಂಥಕ್ಕೆ ಹೆಸರಿಡುವಾಗ ‘ಕೇಳಿದ’ ಎನ್ನದೆ ‘ಕಂಡ’ ಎಂದರು. ಕನ್ನಡದ ನುಡಿಗಟ್ಟು ಅಷ್ಟರಮಟ್ಟಿಗೆ ಸತ್ಯವನ್ನು ಬಲ್ಲದು. ದೊಡ್ಡವರನ್ನು ಕಾಣುವುದೆಂದರೆ ಕಣ್ಣಿನಿಂದ ನೋಡುವುದಷ್ಟೇ ಅಲ್ಲ, ಅವರ ಸನ್ನಿಧಿಯಲ್ಲಿ ಇದ್ದು ಬರುವುದು. ದೇವರನ್ನು ಕಾಣುವುದು, ಗುರುಗಳನ್ನು ಕಾಣುವುದು ಎಂಬಲ್ಲಿ ಇರುವ ಅರ್ಥವೇ ಕಲಾವಿದರನ್ನು ಕಾಣುವುದೆಂಬಲ್ಲಿಯೂ ಇದೆ. 1926ರಲ್ಲಿ ಗತಿಸಿದ ವೀಣೆ ಶೇಷಣ್ಣನವರ ವಾದನವನ್ನು ಕೇಳಿದ ಕಿವಿಗಳು ಇಂದು ಉಳಿದಿಲ್ಲವೆಂದೇ ಹೇಳಬೇಕು. ಆದರೂ ಶೇಷಣ್ಣನವರು ಇಂದಿಗೂ ಕನ್ನಡಿಗರಿಗೆ ಅಪರಿಚಿತರಾಗಿಲ್ಲ. ಕಂಡವರು ಕಾಣದವರಿಗೆ ಹೇಳಿದರು. ಅವರು ಮುಂದಿನವರಿಗೆ ಹೇಳಿದರು. ಡಿ. ವಿ. ಗುಂಡಪ್ಪನವರಂಥ ಬರೆಹಗಾರರು ತಮ್ಮ ಜ್ಞಾಪಕಗಳಲ್ಲಿ ಬರೆದಿಟ್ಟರು. ಕಂಡು ಕೇಳಿದವನ ಮೇಲೆ ಬೀಳುವ ಒಂದು ಋಣ ಇದು. ಕಂಡದ್ದನ್ನು ಕಾಣದವರಿಗೆ ಹೇಳಿದಾಗಲೇ ಅದು ತೀರುತ್ತದೆ.

ಕಂಡು ಕೇಳುವುದಕ್ಕೆ ಈ ನಾಡಿನಲ್ಲಿ ಒಳ್ಳೆಯ ಸ್ಥಳಗಳು ಹುಟ್ಟಿಕೊಂಡದ್ದೂ ಇಂಥ ಪ್ರೀತಿಯಿಂದಲೇ. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರವು ಬಿಡಾರಂ ಕೃಷ್ಣಪ್ಪನವರ ಶ್ರದ್ಧೆಯ ಫಲ. ರಾಮನಿಗೆ ಗುಡಿಯೂ ಹೌದು, ಗಾನಕ್ಕೆ ಮನೆಯೂ ಹೌದು. ಬೆಂಗಳೂರಿನ ಗಾಯನ ಸಮಾಜವು 1905ರಲ್ಲಿ ಆರಂಭವಾದದ್ದು. ಚಾಮರಾಜಪೇಟೆಯ ರಾಮಸೇವಾ ಮಂಡಲಿಯು 1939ರಲ್ಲಿ ಹುಟ್ಟಿ, ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ರಾಮನವಮಿಯ ಕಾಲದ ಸಂಗೀತೋತ್ಸವವನ್ನು ಬೆಳೆಸಿತು. ಆ ಚಪ್ಪರದೊಳಗೆ ಚೀಟಿ ಕೊಂಡವರು ಕುಳಿತಿದ್ದರೆ, ಹೊರಗೆ ರಸ್ತೆಯ ಮಗ್ಗುಲಲ್ಲಿ ಚೀಟಿಯಿಲ್ಲದವರು ಕುಳಿತು ಅಷ್ಟೇ ಗಾನವನ್ನು ಕೇಳಿ ಎದ್ದುಹೋಗುತ್ತಿದ್ದುದು ಊರಿಗೆಲ್ಲ ತಿಳಿದ ಸಂಗತಿ. ಉತ್ತರದಲ್ಲಿ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯದಿನದ ನೆನಪಿಗೆ ನಡೆಯುವ ಅಹೋರಾತ್ರಿಯ ಸಂಗೀತದ ಕಥೆಯೂ ಹೀಗೆಯೇ. ಕಂಬಳಿ ಹೊದ್ದ ರೈತನೂ ಕನ್ನಡಕದ ಪ್ರಾಧ್ಯಾಪಕನೂ ಒಂದೇ ಜಮಖಾನೆಯ ಮೇಲೆ ಕುಳಿತು, ಮಧ್ಯರಾತ್ರಿಯ ದರಬಾರಿಯಿಂದ ಬೆಳಗಿನ ಭೈರವಿಯವರೆಗೆ ತಲೆದೂಗುವ ದೃಶ್ಯವು, ಸಮಾನತೆಯನ್ನು ಕುರಿತ ಹಲವು ಉಪನ್ಯಾಸಗಳಿಗಿಂತ ಹೆಚ್ಚಿನದನ್ನು ಕಲಿಸುತ್ತದೆ. ಪುಣೆಯಲ್ಲಿ 1953ರಿಂದ ಗುರುವಿನ ಹೆಸರಿನಲ್ಲಿ ಉತ್ಸವವನ್ನು ನಡೆಸಿಕೊಂಡು ಬಂದವರು, ಒಂದು ಕಾಲಕ್ಕೆ ಅಂಗಡಿಯ ಮುಂದೆ ನಿಂತು ತಟ್ಟೆಯನ್ನು ಕೇಳಿದ್ದ ಆ ಗದಗಿನ ಹುಡುಗನೇ.

ಪ್ರೀತಿಯಿದ್ದಲ್ಲಿ ಪಕ್ಷಪಾತವೂ ಬರುತ್ತದೆ. ಕಚೇರಿ ಮುಗಿದು ನಡುರಾತ್ರಿಯಲ್ಲಿ ಮನೆಗೆ ನಡೆಯುತ್ತಿರುವ ಇಬ್ಬರು ರಸಿಕರ ಮಾತನ್ನು ಕೇಳಿದರೆ, ಮೀಮಾಂಸಕರೂ ನೈಯಾಯಿಕರೂ ಇಷ್ಟು ಗಟ್ಟಿಯಾಗಿ ವಾದಿಸಿರಲಾರರೆಂದು ತೋರುತ್ತದೆ. “ಏನೇ ಹೇಳಿ, ನಮ್ಮವರ ಕಾಂಬೋದಿಗೆ ಸಾಟಿಯಿಲ್ಲ” ಎಂದು ಒಬ್ಬರು, “ಸ್ವಾಮಿ, ಶ್ರುತಿಯಲ್ಲಿ ನಿಂತರೆ ತಾನೇ ಕಾಂಬೋದಿ!” ಎಂದು ಇನ್ನೊಬ್ಬರು. ‘ನಮ್ಮವರು’ ಎಂಬ ಮಾತನ್ನು ಗಮನಿಸಬೇಕು. ನೆಂಟಸ್ತನವಿಲ್ಲ, ಕುಲವಿಲ್ಲ, ಊರೂ ಒಂದಲ್ಲ. ಆದರೂ ಅವರು ನಮ್ಮವರು. ಈ ಪಕ್ಷಪಾತವು ನಗೆಗೆ ವಿಷಯವಾದರೂ ದೂಷ್ಯವಲ್ಲ. ಎಲ್ಲರನ್ನೂ ಸಮವಾಗಿ ಮೆಚ್ಚುವವನು ಬಹುಶಃ ಯಾರನ್ನೂ ಚೆನ್ನಾಗಿ ಕೇಳಿದವನಲ್ಲ. ಒಬ್ಬರನ್ನು ಆಳವಾಗಿ ಪ್ರೀತಿಸಿ ಕಿವಿಯನ್ನು ಹದಮಾಡಿಕೊಂಡವನಿಗೆ ಇತರರ ಗುಣವೂ ಕಾಲಕ್ರಮದಲ್ಲಿ ತೆರೆದುಕೊಳ್ಳುತ್ತದೆ. ಹಠ ಹಿಡಿದು ಇತರರಿಗೆ ಕಿವಿ ಮುಚ್ಚಿಕೊಂಡವನಿಗೆ ಮಾತ್ರ ಪ್ರೀತಿಯು ಬಂಧನವಾಗುತ್ತದೆ.

ಈ ಪ್ರೀತಿಗೆ ನಿಜವಾದ ಪರೀಕ್ಷೆ ಬರುವುದು ವಾದದಲ್ಲಿ ಅಲ್ಲ, ಮುಪ್ಪಿನಲ್ಲಿ. ವೀಣೆ ಹಳತಾದರೆ ಮೇಣವನ್ನು ಹೊಸದಾಗಿ ಹಾಕಿ ಮೆಟ್ಟಿಲು ಕೂರಿಸಬಹುದು. ಕಂಠಕ್ಕೆ ಆ ಉಪಾಯವಿಲ್ಲ. ಗಾಯಕನ ವಾದ್ಯ ಅವನ ದೇಹ. ದೇಹದ ಧರ್ಮವೆಲ್ಲ ಗಾನಕ್ಕೂ ತಗಲುತ್ತದೆ. ತಾರಸ್ಥಾಯಿಯಲ್ಲಿ ನಿಲ್ಲುತ್ತಿದ್ದ ಸ್ವರ ನಡುಗತೊಡಗುತ್ತದೆ. ಒಂದೇ ಉಸಿರಿನಲ್ಲಿ ಮುಗಿಯುತ್ತಿದ್ದುದಕ್ಕೆ ಎರಡು ಉಸಿರು ಬೇಕಾಗುತ್ತದೆ. ಆಗ ರಸಿಕನ ಮುಂದೆ ಎರಡು ದಾರಿಗಳಿರುತ್ತವೆ. ಹಿಂದಿನ ಮುದ್ರಿಕೆಗಳನ್ನು ಕೇಳಿಕೊಂಡು ಹಳೆಯ ಸುಖವನ್ನು ಕೆಡದಂತೆ ಕಾಪಾಡಿಕೊಳ್ಳುವುದು ಒಂದು. ಎದ್ದು ಹೋಗಿ, ಇಂದಿನ ಕಂಠದಲ್ಲಿ ಇಂದು ಏನಿದೆಯೋ ಅದನ್ನು ಕೇಳಿ ಬರುವುದು ಇನ್ನೊಂದು.

ಎರಡನೆಯ ದಾರಿಯನ್ನು ಹಿಡಿದವರು ನಷ್ಟಪಟ್ಟದ್ದಿಲ್ಲವೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಎರಡು ನಿದರ್ಶನಗಳಿವೆ. ಗಂಗೂಬಾಯಿ ಹಾನಗಲ್ ಅವರ ಮೊದಲ ಮುದ್ರಿಕೆಗಳು 1930ರ ದಶಕದವು. ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದಂಥವು. ಅವುಗಳಲ್ಲಿ ಕೇಳುವುದು ಎಳೆಯ, ತೆಳುವಾದ, ಮೇಲಕ್ಕೆ ಹಾರುವ ಹೆಣ್ಣುದನಿ. ಬಳಿಕ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಆ ದನಿ ಹೋಯಿತು. ಅದರ ಸ್ಥಾನದಲ್ಲಿ ಗಂಭೀರವಾದ, ಗಂಡುದನಿಯೆಂದೇ ಕೇಳುವವರು ಭ್ರಮಿಸುವ ಮತ್ತೊಂದು ದನಿ ನಿಂತಿತು. ಇನ್ನೊಬ್ಬರಾಗಿದ್ದರೆ ಗಾನವನ್ನೇ ಬಿಡುತ್ತಿದ್ದರೋ ಏನೋ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು ಬರುತ್ತಿದ್ದ ಆ ತಾಯಿ, ಬಂದ ದನಿಯನ್ನೇ ಸಾಧನೆಯಿಂದ ಒಲಿಸಿಕೊಂಡರು. ಲೋಕವು ಪೂಜಿಸಿದ್ದು ಈ ಎರಡನೆಯ ಕಂಠವನ್ನು. 2009ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಅವರು ತೀರಿಕೊಂಡಾಗ ಅತ್ತವರಲ್ಲಿ ಹೆಚ್ಚಿನವರಿಗೆ ಮೊದಲ ಕಂಠದ ಪರಿಚಯವೇ ಇರಲಿಲ್ಲ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ವಿಷಯವೂ ಹೀಗೆಯೇ ಬೋಧಪ್ರದವಾದುದು. ಮಂಜೀಖಾನ್, ಬುರ್ಜೀಖಾನ್ ಅವರಲ್ಲಿ ಕಲಿತು ಹಲವು ದಶಕಗಳ ಕಾಲ ಹಾಡಿದ್ದರೂ ದೇಶವ್ಯಾಪಿಯಾದ ಕೀರ್ತಿ ಅವರಿಗೆ ಒಲಿದದ್ದು ಅರವತ್ತರ ಅಂಚಿನಲ್ಲಿ. 1970, 1976, 1992, ಹೀಗೆ ಮೂರು ಪದ್ಮ ಪ್ರಶಸ್ತಿಗಳೂ ಮುಪ್ಪಿನ ದಿನಗಳಲ್ಲಿ ಬಂದವು. ಕೊನೆಯದು ಬಂದ ವರ್ಷವೇ ಅವರು ತೀರಿಕೊಂಡರು. ಕೃಶವಾದ ದೇಹ, ತೆಳುವಾದ ದನಿ. ಆದರೆ ಅಪೂರ್ವವಾದ ರಾಗವೊಂದನ್ನು ಹಿಡಿದು, ಒಂದರೊಳಗೊಂದು ಹೆಣೆದುಕೊಂಡ ತಾನಗಳಲ್ಲಿ ಸಮಕ್ಕೆ ಬಂದು ಸೇರುವ ಆ ರೀತಿಯನ್ನು ಕಂಡವರು, ಯೌವನವು ಗಾನಕ್ಕೆ ಅನಿವಾರ್ಯವೆಂಬ ಮಾತನ್ನು ಮುಂದೆಂದೂ ಆಡಲಿಲ್ಲ.

ಪ್ರೀತಿಸಿದ ಗಾಯಕನು ತೀರಿಕೊಂಡ ಮೇಲೆ ಉಳಿಯುವುದು ಮುದ್ರಿಕೆ. ಭೀಮಸೇನ ಜೋಶಿಯವರು 2011ರ ಜನವರಿಯಲ್ಲಿ ಇಲ್ಲವಾದರು. ಅವರ ದಾಸರ ಪದಗಳು ಇಂದಿಗೂ ಎಷ್ಟೋ ಮನೆಗಳಲ್ಲಿ ಬೆಳಗಿನ ಸುಪ್ರಭಾತವಾಗಿವೆ. ಆದರೆ ಒಂದೇ ಮುದ್ರಿಕೆಯನ್ನು ಇಬ್ಬರು ಕೇಳುವಾಗ ಇಬ್ಬರೂ ಕೇಳುವುದು ಒಂದನ್ನೇ ಅಲ್ಲ. ಕಾಣದವನಿಗೆ ಅದು ಸೊಗಸಾದ ಗಾನ. ಕಂಡವನಿಗೋ, ತಾನವೊಂದು ಮೇಲಕ್ಕೆ ನುಗ್ಗಿದೊಡನೆ ಆ ತೋಳಿನ ಬೀಸು, ಆ ಬಾಗಿದ ಬೆನ್ನು, ಗಾಳಿಯಲ್ಲಿ ಏನನ್ನೋ ಹಿಡಿದು ಎಳೆದು ತರುವಂತಿದ್ದ ಆ ಬೆರಳುಗಳು ಎದ್ದು ಬರುತ್ತವೆ. ಪಕ್ಕದಲ್ಲಿ ಕುಳಿತಿದ್ದ ಗೆಳೆಯನ ತೊಡೆಯ ಮೇಲಿನ ತಾಳವೂ ಕೇಳಿಸುತ್ತದೆ. ಆ ಗೆಳೆಯನೂ ಈಗ ಇಲ್ಲದಿರಬಹುದು. ಮುದ್ರಿಕೆಯು ದೀಪದ ಬತ್ತಿಯಾದರೆ ಕಂಡ ನೆನಪು ಅದಕ್ಕೆ ಎರೆದ ಎಣ್ಣೆ. ಮನೆಯಾಕೆಯ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ: ಇಂದು ಸಂಜೆ ಹೋಗಿ ಕಂಡು ಬಂದರೆ, ಮುಂದಿನ ಇಪ್ಪತ್ತು ವರ್ಷ ಮನೆಯಲ್ಲಿ ಕೇಳುವ ಹಾಡಿಗೆಲ್ಲ ಅದು ಬೆಳಕಾಗುತ್ತದೆ.

ಇಂದಿನ ಸಭೆಗಳಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಗಾಯಕನು ಎದುರಿಗೇ ಕುಳಿತು ಹಾಡುತ್ತಿರುವಾಗ, ಕೇಳುವವನು ಮೊಬೈಲ್ ಫೋನನ್ನು ಎತ್ತಿ ಹಿಡಿದು ಅದರ ಗಾಜಿನೊಳಗೆ ಗಾಯಕನನ್ನು ನೋಡುತ್ತಿರುತ್ತಾನೆ. ಅಷ್ಟು ದೂರದಿಂದ ಬಂದು, ದೇವರ ಮುಂದೆ ನಿಂತು, ದೇವರಿಗೆ ಬೆನ್ನು ಮಾಡಿ ಕನ್ನಡಿಯಲ್ಲಿ ದರ್ಶನ ಮಾಡಿದಂತಾಯಿತು. ಮನೆಗೆ ಒಯ್ಯಬೇಕೆಂಬ ಆಸೆ ತಪ್ಪಲ್ಲ. ಆದರೆ ಕೈ ಹಿಡಿಯುವುದರಲ್ಲಿ ತೊಡಗಿದಾಗ ಕಿವಿಯ ಹಿಡಿತ ಸಡಿಲವಾಗುತ್ತದೆ. ಇದಕ್ಕಿಂತ ಹೆಚ್ಚಿನ ಚಿಂತೆಯ ವಿಷಯ ಜಿಲ್ಲೆಯ ಸಣ್ಣ ಊರುಗಳ ಸಭೆಗಳದು. ಊರಿನ ನಾಲ್ಕಾರು ಮಂದಿ ಚಂದಾ ಎತ್ತಿ, ಜಮಖಾನೆ ಹಾಸಿ, ದೂರದಿಂದ ಕಲಾವಿದರನ್ನು ಕರೆಸಿದರೆ, ಕೇಳಲು ಬಂದವರಿಗಿಂತ ಹಾಸಿದ ಜಮಖಾನೆಯೇ ಹೆಚ್ಚಾಗಿ ಕಾಣುವ ಸಂಜೆಗಳುಂಟು. ಬಾರದವರು ಸಂಗೀತದ್ವೇಷಿಗಳಲ್ಲ, ಅವರೂ ಆ ಹೊತ್ತಿನಲ್ಲಿ ಮನೆಯಲ್ಲಿ ಯಾರ ಹಾಡನ್ನೋ ಕೇಳುತ್ತಿರುತ್ತಾರೆ. ಬಹುಶಃ ತೀರಿಹೋದ ಮಹನೀಯರೊಬ್ಬರ ಹಾಡು. ತೀರಿಹೋದವರಿಗೆ ಸಭೆಯ ಅಗತ್ಯವಿಲ್ಲ, ಇರುವವರಿಗೆ ಇದೆ. ತಂಬೂರಿ ಹಿಡಿದು ಬಂದಿರುವ ಇಪ್ಪತ್ತೈದು ವರ್ಷದ ಯುವಕನೋ ಯುವತಿಯೋ ಮುಂದೆ ಯಾರ ಪಾಲಿಗೆ ‘ನಮ್ಮವರು’ ಆಗಬೇಕೋ ಆ ಕಿವಿಗಳು ಅಂದು ಅಲ್ಲಿ ಇರಬೇಕು. ಸರಿಯಾದ ಸ್ಥಾನದಲ್ಲಿ ಬಿದ್ದ ಒಂದು ‘ಭಲೇ’ಯಿಂದ ಬೆಳೆದ ಗಾಯಕರೆಷ್ಟೋ ಮಂದಿ, ಅದು ಬೀಳದೆ ಬಾಡಿದವರ ಲೆಕ್ಕ ಯಾರೂ ಇಟ್ಟಿಲ್ಲ.

ಆದುದರಿಂದ ರಸಿಕನಾದವನು ತನ್ನ ಮೆಚ್ಚಿನವರನ್ನು ಕಾಣುವುದಕ್ಕೆ ಕಾಲವನ್ನು ಮುಂದಕ್ಕೆ ಹಾಕಬಾರದು. ಮುಂದಿನ ವರ್ಷದ ರಾಮನವಮಿಗೆ ಹೋದರಾಯಿತು, ಮಗಳ ಮದುವೆಯಾದ ಮೇಲೆ ಹೋದರಾಯಿತು, ಕಾಲುನೋವು ವಾಸಿಯಾದ ಮೇಲೆ ಹೋದರಾಯಿತು ಎನ್ನುತ್ತಿರುವಷ್ಟರಲ್ಲಿ ಆ ಕಡೆಯ ಕಂಠಕ್ಕೂ ವಯಸ್ಸಾಗುತ್ತದೆ, ಈ ಕಡೆಯ ಕಿವಿಗೂ ವಯಸ್ಸಾಗುತ್ತದೆ. ಎರಡೂ ಚೆನ್ನಾಗಿದ್ದು ಒಂದೇ ಊರಿನಲ್ಲಿ ಒಂದೇ ಸಂಜೆ ಕೂಡುವುದು ಜೀವಮಾನದಲ್ಲಿ ಎಷ್ಟು ಸಲವೋ ಹೇಳಬಲ್ಲವರಿಲ್ಲ. ಸಾಧ್ಯವಾದರೆ ಮನೆಯ ಒಂದು ಮಗುವನ್ನೂ ಕೈಹಿಡಿದು ಕರೆದುಕೊಂಡು ಹೋಗುವುದು ಒಳ್ಳೆಯದು. ಅದು ಎರಡನೆಯ ಕೃತಿಗೆಲ್ಲ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಬಹುದು, ಚಿಂತೆಯಿಲ್ಲ. ಭಜನೆಯ ಹಿಂದೆ ಹೋಗಿ ಬೀದಿಯಲ್ಲಿಯೇ ನಿದ್ದೆಹೋಗುತ್ತಿದ್ದ ಮಕ್ಕಳೂ ಈ ನಾಡಿನಲ್ಲಿ ಹುಟ್ಟಿದ್ದುಂಟು. ಮಂಗಳ ಮುಗಿದು ಎದ್ದಾಗ ಮಗುವನ್ನು ಹೆಗಲಿಗೆ ಹಾಕಿಕೊಂಡು, ಅಂದಿನ ರಾಗವನ್ನು ಮೆಲ್ಲಗೆ ಗುನುಗುತ್ತ, ರಾತ್ರಿಯ ಕೊನೆಯ ಬಸ್ಸಿಗೆ ನಡೆಯುವವನಿಗೆ ಮೊಣಕಾಲಿನ ನೋವು ನೆನಪಿಗೆ ಬರುವುದು ಮರುದಿನ ಬೆಳಗ್ಗೆಯೇ.